ಅಂಕಣಕ್ಕೆ ಅಂಕಣ ಕೂಡಿದ ಮನೆಗಳು

ಕುಮುದ್ವತಿಯ ದಡದ ಮೇಲಿರುವ ರಟ್ಟೀಹಳ್ಳಿಯು ಇತಿಹಾಸಕಾರರ ಲೇಖನಿಗೆ ವಿಷಯವಾದುದು ಬಹುಮಟ್ಟಿಗೆ ಎರಡು ಕಾರಣಗಳಿಂದ: ಒಂದು, ಅಲ್ಲಿಯ ಕದಂಬೇಶ್ವರನ ತ್ರಿಕೂಟ ದೇವಾಲಯ ಮತ್ತು ಅದರ ಶಾಸನಗಳು, ಇನ್ನೊಂದು, 1764ರಲ್ಲಿ ಪೇಶ್ವೆ ಮಾಧವರಾಯನ ದಂಡು ಹೈದರ ಅಲಿಯ ದಂಡನ್ನು ಅಲ್ಲಿ ಸೋಲಿಸಿದ ಯುದ್ಧ. ಗುಡಿಗೆ ದತ್ತಿ ಬಿಟ್ಟವರ ಹೆಸರು ಕಲ್ಲಿನಲ್ಲಿಯೂ ಯುದ್ಧ ಗೆದ್ದವರ ಹೆಸರು ಬಖೈರುಗಳಲ್ಲಿಯೂ ಉಳಿದುಕೊಂಡಿವೆ. ಆದರೆ ದಂಡಿನ ಸುದ್ದಿ ಕೇಳಿ ತಲೆಬಾಗಿಲಿಗೆ ಅಗಣಿ ಇಟ್ಟು, ಹಗೇವಿನ ಜೋಳದ ಮೇಲೆ ಕಲ್ಲು ಮುಚ್ಚಿ, ದನಕರುಗಳೊಡನೆ ಒಳಗೆ ಕುಳಿತ ಒಕ್ಕಲಿಗನ ಮನೆ ಹೇಗಿತ್ತು, ಆ ಮನೆ ಅವನ ಮಕ್ಕಳ ಕಾಲಕ್ಕೆ, ಮೊಮ್ಮಕ್ಕಳ ಕಾಲಕ್ಕೆ ಹೇಗೆ ಬೆಳೆಯಿತು ಎಂಬುದನ್ನು ಬರೆದಿಡಬೇಕೆಂದು ಯಾರಿಗೂ ತೋರಲಿಲ್ಲ. ಊರೆಂಬುದು ಗುಡಿಗಿಂತಲೂ ಕೋಟೆಗಿಂತಲೂ ಹೆಚ್ಚಾಗಿ ಮನೆಗಳಿಂದಲೇ ಆದುದರಿಂದ, ಈ ಉಪೇಕ್ಷೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಿಕೊಡುವುದು ಉಚಿತವೆಂದು ನನಗೆ ಕಾಣುತ್ತದೆ.

ಈ ಸೀಮೆ ಆಂಗ್ಲರ ಆಳಿಕೆಯಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಕೋಡ ತಾಲ್ಲೂಕಿಗೆ ಸೇರಿತ್ತು. ಮುಂದೆ ಅದು ಹಿರೇಕೆರೂರು ತಾಲ್ಲೂಕಾಯಿತು, 1997ರಲ್ಲಿ ಹಾವೇರಿ ಜಿಲ್ಲೆಗೆ ಬಂದಿತು, ಈಚೆಗೆ ರಟ್ಟೀಹಳ್ಳಿಯೇ ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿದೆ. ಪಶ್ಚಿಮಕ್ಕೆ ಹಾನಗಲ್ಲಿನ ಕಾಡುಮಳೆಯ ಸೆರಗು, ಪೂರ್ವಕ್ಕೆ ರಾಣೇಬೆನ್ನೂರಿನ ಎರೆಭೂಮಿ, ದಕ್ಷಿಣಕ್ಕೆ ಅಂದಿನ ಮೈಸೂರು ಸಂಸ್ಥಾನದ ಶಿಕಾರಿಪುರ, ಈ ಮೂರರ ನಡುವಣ ನೆಲವಾದುದರಿಂದ ಇಲ್ಲಿಯ ಮನೆ ಅಚ್ಚ ಮಲೆನಾಡಿನದೂ ಅಲ್ಲ, ಅಚ್ಚ ಬಯಲುಸೀಮೆಯದೂ ಅಲ್ಲ. ಮಳೆ ಹೆಚ್ಚಾದ ಕಡೆ ಇಳಿಜಾರಿನ ಹೆಂಚಿನ ಮಾಡು, ಕಡಿಮೆಯಾದ ಕಡೆ ಜಂತಿಯ ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆ. ಒಂದೇ ಊರಿನಲ್ಲಿ ಎರಡೂ ಉಂಟು, ಕೆಲವೆಡೆ ಒಂದೇ ಮನೆಯ ಮುಂಭಾಗ ಮಾಳಿಗೆ, ಹಿಂಭಾಗ ಹೆಂಚು.

ಹಳೆಯ ಒಕ್ಕಲುಮನೆಯ ಒಳವಿನ್ಯಾಸವನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ; ಅರಿಯದವರಿಗಾಗಿ ಹೇಳುತ್ತೇನೆ. ಬೀದಿಯ ಕಡೆಗೆ ಕಟ್ಟೆ, ತಲೆಬಾಗಿಲು ದಾಟಿದೊಡನೆ ತಗ್ಗಾದ ನೆಲದ ದಂದಕ್ಕಿ, ಅಂದರೆ ಎತ್ತು ಎಮ್ಮೆಗಳನ್ನು ಕಟ್ಟುವ ಸ್ಥಳ. ಅದಕ್ಕಿಂತ ಮೊಳದಷ್ಟು ಎತ್ತರದಲ್ಲಿ ಪಡಸಾಲೆ. ಅದರಾಚೆ ನಡುಮನೆ, ಅಡಿಗೆಮನೆ, ದೇವರ ಜಗಲಿ, ಮೂಲೆಯಲ್ಲಿ ಬಚ್ಚಲು, ಕೊನೆಗೆ ಹಿತ್ತಿಲು. ಬೆಳಕು ಬರುತ್ತಿದ್ದುದು ಗೋಡೆಯಿಂದಲ್ಲ, ಮಾಡಿನಲ್ಲಿ ಬಿಟ್ಟ ಬೆಳಕಿಂಡಿಯಿಂದ. ಎತ್ತುಗಳನ್ನು ಮನುಷ್ಯರೊಡನೆ ಒಂದೇ ಸೂರಿನ ಕೆಳಗೆ ಕಟ್ಟುವುದು ಆರೋಗ್ಯಶಾಸ್ತ್ರದ ದೃಷ್ಟಿಯಿಂದ ಅನುಚಿತವೆಂದು ಸರಕಾರದ ಅಧಿಕಾರಿಗಳು ಹೇಳಿದುದುಂಟು. ಆದರೆ ಪಿಂಡಾರಿಗಳ ಹಾವಳಿಯನ್ನೂ 1876-78ರ ಕ್ಷಾಮವನ್ನೂ ಕಂಡ ಜನಕ್ಕೆ ಎತ್ತಿಗಿಂತ ದೊಡ್ಡ ಆಸ್ತಿ ಇರಲಿಲ್ಲವಾದ್ದರಿಂದ, ಅದನ್ನು ಅಗಣಿಯ ಒಳಗೆ ಇಟ್ಟುಕೊಂಡುದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ.

ಇಂತಹ ಮನೆಯಲ್ಲಿ ಗಂಡಹೆಂಡಿರ ಕೋಣೆಯೆಂಬುದು ಮೊದಲು ಇರಲಿಲ್ಲವೆಂಬುದನ್ನು ಲಕ್ಷ್ಯದಲ್ಲಿಡಬೇಕು. ಗಂಡಸರು ಪಡಸಾಲೆಯಲ್ಲಿಯೂ ಕಟ್ಟೆಯ ಮೇಲೂ, ಹೆಂಗಸರು ಮಕ್ಕಳು ನಡುಮನೆಯಲ್ಲಿಯೂ ಮಲಗುತ್ತಿದ್ದರು. ಹಿರಿಯ ಮಗನಿಗೆ ಲಗ್ನವಾದಾಗ ಪಡಸಾಲೆಯ ಒಂದು ಮೂಲೆಗೆ ಗೋಡೆ ಎದ್ದು ಖೋಲಿಯಾಗುತ್ತಿತ್ತು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಬಚ್ಚಲಿಗೆ ಸಮೀಪವಾದ ಇನ್ನೊಂದು ಮೂಲೆ ಬಾಣಂತಿಯ ಕೋಣೆಯಾಗುತ್ತಿತ್ತು. ಎರಡನೆಯ ಸೊಸೆ ಬರುವ ಹೊತ್ತಿಗೆ ಮೂಲೆಗಳು ಮುಗಿದು, ಮನೆಯೇ ಹಿತ್ತಿಲ ಕಡೆಗೋ ಪಕ್ಕದ ಖಾಲಿ ಜಾಗದ ಕಡೆಗೋ ಸರಿಯಬೇಕಾಗುತ್ತಿತ್ತು. ಹೀಗೆ ಸರಿಯುವುದಕ್ಕೆ ಅನುಕೂಲವಾಗಿಯೇ ಆ ಮನೆಯನ್ನು ಮೊದಲಿಂದ ಕಟ್ಟಲಾಗಿತ್ತೆಂಬುದೇ ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ.

ಹಳಬರು ಮನೆಯನ್ನು ಕೋಣೆಗಳಿಂದ ಎಣಿಸಲಿಲ್ಲ, ಅಂಕಣಗಳಿಂದ ಎಣಿಸಿದರು. ಎರಡು ಕಂಬಗಳ ನಡುವಣ ಅವಕಾಶವೇ ಅಂಕಣ. ಅದರ ಅಗಲವನ್ನು ನಿಶ್ಚಯಿಸುತ್ತಿದ್ದುದು ಮನೆಯೊಡೆಯನ ಅಭಿಲಾಷೆಯಲ್ಲ, ಬಾಗದೆ ಭಾರ ಹೊರಬಲ್ಲ ತೊಲೆಯ ಉದ್ದ. ಅಡಿಗಲ್ಲಿನ ಮೇಲೆ ಕಂಬ, ಕಂಬದ ತಲೆಯ ಮೇಲೆ ಎರಡು ಕಡೆಗೂ ತೋಳು ಚಾಚಿದ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿಗಳು, ಇವಿಷ್ಟೂ ಸೇರಿ ಮಾಡಿನ ಭಾರವನ್ನು ಬಹುಪಾಲು ನೆಲಕ್ಕೆ ಇಳಿಸುತ್ತಿದ್ದುದರಿಂದ, ಒಳಗಿನ ಮಣ್ಣುಗೋಡೆಗಳಿಗೆ ಮರೆಮಾಡುವುದರ ಹೊರತು ಬೇರೆ ಕೆಲಸವಿರಲಿಲ್ಲ. ಅವನ್ನು ಕೆಡವಿದರೂ ಮಾಡು ಕದಲದು. ಬೋದಿಗೆಯ ಒಂದು ತೋಳು ಈಗಿನ ತೊಲೆಯನ್ನು ಹೊತ್ತರೆ ಇನ್ನೊಂದು ತೋಳು ಮುಂದೆ ಬರಲಿರುವ ತೊಲೆಯ ತುದಿಗೆ ಆಸರೆಯಾಗಬಲ್ಲದು. ಕೊನೆಯ ಗೋಡೆಯನ್ನು ಬಿಡಿಸಿ, ಒಂದು ಸಾಲು ಕಂಬ ಹೊಸದಾಗಿ ನೆಟ್ಟು, ತೊಲೆಗೆ ತೊಲೆ ಕೂಡಿಸಿದರೆ ಮೂರಂಕಣದ ಮನೆ ನಾಲ್ಕಂಕಣವಾಯಿತು. ಬಡಿಗೇರನೂ ಗೌಂಡಿಯೂ ಒಂದು ಬೇಸಗೆಯಲ್ಲಿ ಮುಗಿಸುವ ಕೆಲಸ. ಅಷ್ಟು ದಿನವೂ ಅಡಿಗೆಮನೆಯ ಒಲೆ ಆರದೆ ಉರಿಯುತ್ತಿತ್ತು. ಕೆಡವಿದ ಗೋಡೆಯ ಮಣ್ಣು ವ್ಯರ್ಥವಾಗುತ್ತಿರಲಿಲ್ಲ. ನೀರು ಹಾಕಿ ತುಳಿದು ಹೊಸ ಗೋಡೆಗೆ ಅದನ್ನೇ ಏರಿಸುತ್ತಿದ್ದರು, ಮಿಕ್ಕುದು ಹೊಲಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು.

ಆದರೆ ಮರ ಕೂಡಿದರೆ ಸಾಲದು, ಆಯವೂ ಕೂಡಬೇಕು. ಮನೆಯ ಉದ್ದವನ್ನು ಅಗಲದಿಂದ ಗುಣಿಸಿ, ಬಂದ ಕ್ಷೇತ್ರಫಲವನ್ನು ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಆಯ: ಒಂದು ಉಳಿದರೆ ಧ್ವಜ, ಎರಡಾದರೆ ಧೂಮ, ಅನಂತರ ಕ್ರಮವಾಗಿ ಸಿಂಹ, ಶ್ವಾನ, ವೃಷಭ, ಖರ, ಗಜ, ಶೇಷವೇ ಇಲ್ಲದಿದ್ದರೆ ಕಾಕ. ಬೆಸವೆಲ್ಲ ಶುಭ, ಸಮವೆಲ್ಲ ಅಶುಭ. ಹನ್ನೊಂದು ಕೈ ಅಗಲ, ಹದಿನೈದು ಕೈ ಉದ್ದದ ಮನೆಗೆ ಕ್ಷೇತ್ರಫಲ 165, ಶೇಷ 5, ವೃಷಭಾಯ. ಒಕ್ಕಲಿಗನಿಗೆ ಇದಕ್ಕಿಂತ ಒಪ್ಪುವುದು ಬೇರೇನಿದೆ? ಅದೇ ಮನೆಯನ್ನು ಮೂರು ಕೈ ಬೆಳೆಸಿದರೆ 198 ಆಗಿ, ಶೇಷ 6 ಉಳಿದು, ಯಜಮಾನನ ತಲೆಯ ಮೇಲೆ ಕತ್ತೆ ಬಂದು ಕೂಡುತ್ತದೆ. ನಾಲ್ಕು ಕೈ ಬೆಳೆಸಿದರೆ 209, ಶೇಷ 1, ಧ್ವಜಾಯ. ಸೊಸೆಗೆ ಬೇಕಾದುದು ಮೂರೇ ಕೈಯ ಖೋಲಿಯಾದರೂ ಬಡಿಗೇರನು ನಾಲ್ಕು ಕೈ ಹಿಗ್ಗಿಸುತ್ತಿದ್ದುದರ ರಹಸ್ಯ ಇದು. ಪಂಚಾಂಗದವರು ಕ್ಷೇತ್ರಫಲವನ್ನು ಒಂಬತ್ತರಿಂದ ಗುಣಿಸಿ ಆಮೇಲೆ ಎಂಟರಿಂದ ಭಾಗಿಸಬೇಕೆನ್ನುತ್ತಾರೆ. ಲೆಕ್ಕ ಬಲ್ಲವರಿಗೆ ಶೇಷ ಅದರಿಂದ ಬದಲಾಗದೆಂಬುದು ತಿಳಿದೇ ಇದೆ, ಆದರೂ ಗುಣಿಸಿದವನಿಗೆ ದಕ್ಷಿಣೆ ಹೆಚ್ಚು. ನಂಬಿಕೆಯ ಮಾತು ಹೇಗೇ ಇರಲಿ, ಈ ಗಣಿತದಿಂದ ಒಂದು ಪ್ರಯೋಜನವಂತೂ ಉಂಟಾಯಿತು: ಮನೆಯನ್ನು ಮನಸ್ಸು ಬಂದಂತೆ ಬೆಳೆಸಲು ಯಾರಿಗೂ ಸಾಧ್ಯವಾಗಲಿಲ್ಲ, ಬೆಳೆಸುವ ಮುನ್ನ ಅಳೆಯಲೇಬೇಕಾಯಿತು. ಕೈಯಳತೆಯ ಈ ಪದ್ಧತಿ ಹೊಸದೇನೂ ಅಲ್ಲ. ಕನ್ನಡ ನಾಡಿನ ಮಧ್ಯಕಾಲದ ದಾನಶಾಸನಗಳಲ್ಲಿ ಗದ್ದೆ, ತೋಟ, ಗಾಣಗಳೊಡನೆ ಮನೆಯ ನಿವೇಶನಗಳೂ ಇಷ್ಟು ಕೈಯವೆಂದು ಅಳೆದು ದತ್ತಿಯಾಗಿ ಬರುತ್ತವೆ, ಮನೆದೆರೆಯ ಉಲ್ಲೇಖವೂ ಬರುತ್ತದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ನಿಧಾನಗತಿಯ ಬೆಳವಣಿಗೆಗೆ ಹೊರಗಿನ ಮೂರು ಶಕ್ತಿಗಳು ಬಂದು ತಾಗಿದುವು. 1878ರ ಅರಣ್ಯ ಅಧಿನಿಯಮ ಕಾಡನ್ನು ಸರಕಾರದ ಕಟ್ಟಿಗೆ ಒಳಪಡಿಸಿದಂದಿನಿಂದ ಸಾಗವಾನಿ, ಹೊನ್ನೆ, ಮತ್ತಿಗಳ ತೊಲೆ ಸುಲಭಕ್ಕೆ ಸಿಕ್ಕುವ ವಸ್ತುವಾಗಿ ಉಳಿಯಲಿಲ್ಲ. ಹಳೆಯ ಮನೆಯ ಕಂಬವನ್ನೇ ಹೊಸ ಅಂಕಣಕ್ಕೆ ನಿಲ್ಲಿಸುವ ರೂಢಿ ಇದರಿಂದ ಬಲವಾಯಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರಖಾನೆಯ ಹೆಂಚು ಕಾಲಕ್ರಮದಲ್ಲಿ ಘಟ್ಟವೇರಿ ಬಂದು, ಕುಂಬಾರನ ಕೈಹೆಂಚನ್ನು ಹಿಂದೆ ಸರಿಸಿತು. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹೆಂಚಿಗೆ ಕೈಹೆಂಚಿನಂತೆ ವರ್ಷ ವರ್ಷ ಕೈಯಾಡಿಸುವ ಕೆಲಸವಿಲ್ಲದುದರಿಂದ, ದಂದಕ್ಕಿಯ ಮೇಲೂ ಹಿತ್ತಿಲ ಮೇಲೂ ಮಾಡು ಇಳಿಸುವುದು ಹಗುರಾಯಿತು. ಮೂರನೆಯದು ಪ್ಲೇಗು. 1898ರಲ್ಲಿ ಹುಬ್ಬಳ್ಳಿ ಧಾರವಾಡಗಳನ್ನು ಹಿಡಿದ ಆ ಮಾರಿ ಜಿಲ್ಲೆಯ ಹಳ್ಳಿಗಳಿಗೂ ಹಬ್ಬಿ, ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಬಿಸಿಲು ಬೀಳಲೆಂದು ಮನೆಯ ಹೆಂಚು ತೆಗೆಸುವುದು ಆ ಕಾಲದ ಸರಕಾರಿ ಉಪಾಯಗಳಲ್ಲೊಂದಾಗಿತ್ತು. ಕತ್ತಲೆಯ ನಡುಮನೆಯ ಗೋಡೆಗೆ ಕಿಟಕಿ ಬಂದುದು, ಎಮ್ಮೆಗಳು ಹಿತ್ತಿಲ ಕೊಟ್ಟಿಗೆಗೆ ಹೊರಟುದು ಆ ಭಯದ ತರುವಾಯವೇ ವೇಗಗೊಂಡಿತೆಂದು ನನ್ನ ಅಭಿಪ್ರಾಯ. ತೆರವಾದ ದಂದಕ್ಕಿಯ ತಗ್ಗಿಗೆ ಮಣ್ಣು ತುಂಬಿ, ಹಾಸುಗಲ್ಲು ಹಾಕಿದರೆ, ಒಂದು ಕಂಬವನ್ನೂ ನೆಡದೆ ಸಂಸಾರಕ್ಕೆ ಎರಡು ಖೋಲಿ ದೊರೆತಂತಾಯಿತು.

ಬೆಳೆಯುವ ಸಂಸಾರದ ಇನ್ನೊಂದು ಮುಖ ಪಾಲು. ಈ ಕಡೆ ಅದನ್ನು ವಾಟಣಿ ಎನ್ನುತ್ತಾರೆ. ಧಾರವಾಡ ತಾಲ್ಲೂಕಿನ ಲೋಕೂರಿನ ನರಸಿಂಗನವರ ಮನೆತನದಂತೆ ನೂರಕ್ಕೂ ಮಿಕ್ಕಿ ಜನ ಒಂದೇ ಕುಟುಂಬವಾಗಿ ಬಾಳಿದ ಉದಾಹರಣೆಗಳು ಅಪರೂಪ. ಸಾಮಾನ್ಯವಾಗಿ ತಂದೆ ಕಣ್ಮುಚ್ಚಿದ ಕೆಲವು ವರ್ಷಗಳಲ್ಲಿ ಒಲೆಗಳು ಬೇರೆಯಾಗುತ್ತಿದ್ದುವು. ಒಲೆ ಬೇರೆಯಾದೊಡನೆ ಮನೆ ಬೇರೆಯಾಗಬೇಕೆಂದಿರಲಿಲ್ಲ. ಕದಂಬೇಶ್ವರನ ಗುಡಿಯಲ್ಲಿ ಮೂರು ಗರ್ಭಗೃಹಗಳು ಒಂದೇ ರಂಗಮಂಟಪಕ್ಕೆ ಬಾಗಿಲು ತೆರೆದು ನಿಂತಿರುವಂತೆ, ಮೂವರು ಅಣ್ಣತಮ್ಮಂದಿರ ಮೂರು ಒಲೆಗಳು ಒಂದೇ ಪಡಸಾಲೆಯನ್ನು ಹಂಚಿಕೊಂಡು ಒಂದೆರಡು ತಲೆಮಾರು ನಡೆದುದುಂಟು. ತಲೆಬಾಗಿಲು, ದೇವರ ಜಗಲಿ, ಬಾವಿ ಇವು ಪಾಲಿಗೆ ಬಾರದ ಸಾಮಾನ್ಯ ಸ್ವತ್ತುಗಳಾಗಿ ಉಳಿಯುತ್ತಿದ್ದುವು. ಪಾಲು ಮಾಡುವ ಹಿರಿಯರಿಗೂ ಅಂಕಣದ ಲೆಕ್ಕವೇ ಅನುಕೂಲ: ಆರಂಕಣದ ಮನೆ ಮೂವರಿಗೆ ಎರಡೆರಡು. ತಕರಾರು ಹುಟ್ಟುತ್ತಿದ್ದುದು ಐದಂಕಣದ ಮನೆಯನ್ನು ಇಬ್ಬರು ಹಂಚಿಕೊಳ್ಳುವಾಗ, ನಡುಗೋಡೆ ಅಂಕಣದ ಮಧ್ಯದಲ್ಲಿ ಎದ್ದು, ಬೆಳಕಿಂಡಿ ಒಬ್ಬನಿಗೆ, ಅದರ ಕೆಳಗಿನ ಕತ್ತಲೆ ಇನ್ನೊಬ್ಬನಿಗೆ ಬಂದಾಗ.

ಈ ಹಂಚಿಕೆಯಲ್ಲಿ ಹೆಣ್ಣುಮಕ್ಕಳಿಗೆ ಅಂಕಣವಿರಲಿಲ್ಲ ಎಂಬುದನ್ನು ಮುಚ್ಚಿಡಲಾಗದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಮಗಳನ್ನು ವಾರಸುದಾರಳೆಂದು ಒಪ್ಪಿದರೂ, ಅದರ 23ನೆಯ ಕಲಮು ವಾಸದ ಮನೆಗೆ ಒಂದು ಕಟ್ಟು ಇಟ್ಟಿತು: ಗಂಡು ವಾರಸುದಾರರು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣು ವಾರಸುದಾರಳು ಮನೆಯಲ್ಲಿ ಪಾಲು ಕೇಳುವಂತಿರಲಿಲ್ಲ. 1994ರಲ್ಲಿ ಕರ್ನಾಟಕ ತನ್ನ ತಿದ್ದುಪಡಿಯಿಂದ, ಅದು ಜಾರಿಗೆ ಬರುವ ಮೊದಲೇ ಮದುವೆಯಾದವರನ್ನು ಬಿಟ್ಟು, ಹೆಣ್ಣುಮಕ್ಕಳನ್ನೂ ಸಹದಾಯಾದಿಗಳೆಂದು ಸಾರಿತು. 2005ರ ಕೇಂದ್ರ ತಿದ್ದುಪಡಿ ಆ 23ನೆಯ ಕಲಮನ್ನೇ ತೆಗೆದುಹಾಕಿತು. ಬಾಣಂತಿಯ ಕೋಣೆಯನ್ನು ಮಾತ್ರ ತವರಿನಲ್ಲಿ ಪಡೆದಿದ್ದ ಮಗಳು ಮನೆಯ ಒಡೆತನವನ್ನು ಕೇಳಬಲ್ಲವಳಾಗುವುದಕ್ಕೆ ಸುಮಾರು ಅರ್ಧ ಶತಮಾನ ಹಿಡಿಯಿತು.

ಮುಂದಿನ ಕಥೆ ಚಿಕ್ಕದು. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿಯಂತಹ ಸಂಕರ ಹತ್ತಿ, ಅದರ ಹಿಂದೆಯೇ ಬೆಳೆದ ಬೀಜೋತ್ಪಾದನೆ, ಈ ಸೀಮೆಯ ಒಕ್ಕಲಿಗರ ಕೈಗೆ ರೊಕ್ಕ ತಂದುವು. ರೊಕ್ಕ ಸಿಮೆಂಟನ್ನು ತಂದಿತು. ಅಂಕಣ ಕೂಡಿಸುವ ಬದಲು ಇಡೀ ಮನೆಯನ್ನು ಬುಡಸಹಿತ ಕೆಡವಿ ಆರ್‌ಸಿಸಿ ಮನೆ ಕಟ್ಟುವುದು ಮರ್ಯಾದೆಯ ಗುರುತಾಯಿತು, ಕಂಬ ಬೋದಿಗೆಗಳು ಹಳೆಮರದ ವ್ಯಾಪಾರಿಗಳ ಲಾರಿ ಏರಿದುವು. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಹಾವೇರಿ ಜಿಲ್ಲೆಯೂ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದಾಗ, ಪೂರ್ತಿ ಬಿದ್ದ ಮನೆಗೆ ಸರಕಾರ ಐದು ಲಕ್ಷ ರೂಪಾಯಿ ಘೋಷಿಸಿತು. ಹಳೆಯ ಮನೆಗಳ ಕಾಲ ಮುಗಿಯಿತೆಂಬ ಭಾವನೆಗೆ ಅದೂ ಒಂದು ಮುದ್ರೆಯಾಯಿತು. ಮಣ್ಣುಗೋಡೆ ನೀರಿನಲ್ಲಿ ನಿಂತರೆ ಕರಗುವುದು ನಿಜ, ಅದರ ಮೇಲೆ ಮಮತೆಯಿಂದ ವಾದಿಸುವುದು ವ್ಯರ್ಥ. ಆದರೆ ಒಣಗಿದ ನೆಲೆಯಲ್ಲಿ ಗಟ್ಟಿಯಾಗಿ ನಿಂತ ಸಾಗವಾನಿಯ ಚೌಕಟ್ಟನ್ನೂ ಅದೇ ಹಟದಿಂದ ಉರುಳಿಸಿದುದು ವಿವೇಕವಲ್ಲ. ತಮಾಷೆಯೆಂದರೆ, ಹೊಸ ಮನೆಯ ಮಾಳಿಗೆಯ ಮೇಲೆ ಮುಂದಿನ ಮಗನ ಅಂತಸ್ತಿಗಾಗಿ ಕಬ್ಬಿಣದ ಸರಳುಗಳನ್ನು ಚಾಚಿ ಬಿಟ್ಟಿರುತ್ತಾರೆ. ಬೋದಿಗೆಯ ಎರಡನೆಯ ತೋಳಿನ ಆಲೋಚನೆಯೇ ಅದು, ಆದರೆ ಸರಳು ತುಕ್ಕು ಹಿಡಿಯುತ್ತದೆ.

ರಟ್ಟೀಹಳ್ಳಿಯಲ್ಲಿಯೂ ಸುತ್ತಣ ಮಾಸೂರು, ಕೋಡ, ಚಿಕ್ಕೇರೂರುಗಳಲ್ಲಿಯೂ ಹಳೆಯ ಮನೆಯನ್ನು ದೊಡ್ಡದು ಮಾಡಬೇಕೆಂದಿರುವ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಕೆಡವಲು ಜೆಸಿಬಿಗೆ ಹೇಳುವ ಮೊದಲು ಊರಿನಲ್ಲಿ ಉಳಿದಿರುವ ಹಿರಿಯ ಬಡಿಗೇರನೊಬ್ಬನನ್ನು ಕರೆಸಿ, ಕಂಬಗಳ ಬುಡಕ್ಕೆ ಗೆದ್ದಲು ಹತ್ತಿದೆಯೇ ಎಂದು ನೋಡಿಸಿ, ಅಂಕಣಗಳನ್ನು ಅಳೆಯಿಸಿ, ಗೋಡೆ ಹೋದರೂ ಚೌಕಟ್ಟು ಉಳಿಯುವಂತಿದ್ದರೆ ಉಳಿಸಿಕೊಂಡು, ಇಟ್ಟಿಗೆಯ ಗೋಡೆಯನ್ನು ಅದರ ಸುತ್ತ ಏರಿಸಿರಿ; ಉಳಿಯುವಂತಿಲ್ಲದಿದ್ದರೆ, ಕಂಬವೆಷ್ಟು, ಅಂಕಣವೆಷ್ಟು, ಯಾವ ಅಂಕಣ ಯಾರ ಕಾಲದಲ್ಲಿ ಕೂಡಿತು ಎಂಬುದನ್ನು ಒಂದು ಕಾಗದದಲ್ಲಿ ಬರೆದು ವಾಟಣಿಪತ್ರದ ಜೊತೆಗೆ ಇಡಿ.