ಕಲ್ಲಿಗೆ ಬಾರದ ಅಂಗರಕ್ಷಕ: ಅಮಟೂರು ಬಾಳಪ್ಪ ಮತ್ತು ವೇಳೆವಾಳಿಗಳು

ಈ ಸಲ ಒಂದು ಶಾಸನದ ಬಗ್ಗೆ ಅಲ್ಲ, ಇಲ್ಲದ ಶಾಸನದ ಬಗ್ಗೆ ಬರೀತಿದ್ದೇನೆ.

ಕಿತ್ತೂರು ಕೋಟೆಯ ಕಥೆ ನಮಗೆಲ್ಲ ಗೊತ್ತಿರೋದೇ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜ ತೀರಿಕೊಂಡ. ಶಿವಲಿಂಗಪ್ಪನ ದತ್ತಕವನ್ನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಒಪ್ಪಲಿಲ್ಲ, ಖಜಾನೆಗೆ ಮೊಹರು ಹಾಕಿಸಿದ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿತು. ತೆಗೆಯಿರಿ ಅಂತ ಹೊರಗಿನಿಂದ ಗಡುವು ಕೊಟ್ಟರು. ಬಾಗಿಲು ತೆಗೆದಾಗ ಒಳಗಿನಿಂದ ಬಂದದ್ದು ಶರಣಾಗತಿಯಲ್ಲ, ಸೈನ್ಯ. ಥ್ಯಾಕರೆ ಸತ್ತ, ಕ್ಯಾಪ್ಟನ್ ಬ್ಲ್ಯಾಕ್ ಸತ್ತ. ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬಿಬ್ಬರು ಅಧಿಕಾರಿಗಳು ಸೆರೆಸಿಕ್ಕರು.

ಥ್ಯಾಕರೆಗೆ ಗುಂಡು ಹೊಡೆದವನು ಚೆನ್ನಮ್ಮನ ಅಂಗರಕ್ಷಕ ಅಮಟೂರು ಬಾಳಪ್ಪ ಅಂತ ಈ ಭಾಗದ ಪರಂಪರೆ ಹೇಳುತ್ತೆ. ಅಮಟೂರು ಬೈಲಹೊಂಗಲ ತಾಲೂಕಿನ ಹಳ್ಳಿ. ಥ್ಯಾಕರೆಗೆ ಧಾರವಾಡದಲ್ಲಿ ಸ್ಮಾರಕ ಎದ್ದಿತು. ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ ಅನ್ನೋ ಕಾರಣಕ್ಕೂ ಅವನ ಹೆಸರು ಇಂಗ್ಲಿಷ್ ಪುಸ್ತಕಗಳಲ್ಲಿ ಉಳಿಯಿತು. ಬಾಳಪ್ಪನಿಗೆ ಮಾತ್ರ ಅವನ ಕಾಲದ ಒಂದು ವೀರಗಲ್ಲು ಕೂಡ ಸಿಗಲಿಲ್ಲ. ಯಾಕೆ? ವೀರಗಲ್ಲುಗಳ ನಾಡು ನಮ್ಮದು. ಊರಿನ ದನ ಬಿಡಿಸಿ ಸತ್ತವನಿಗೂ ಇಲ್ಲಿ ಕಲ್ಲು ನಿಲ್ಲಿಸಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಂತೂ ಹಂದಿಯೊಡನೆ ಕಾದಾಡಿ ಸತ್ತ ‘ಕಾಳಿ’ ಎಂಬ ನಾಯಿಯ ಹೆಸರು ಹತ್ತನೆಯ ಶತಮಾನದಿಂದ ಇವತ್ತಿನವರೆಗೂ ಉಳಿದಿದೆ!

ಇದಕ್ಕೆ ಉತ್ತರ ಹುಡುಕಬೇಕಾದರೆ, ಒಡೆಯನ ಮೈಗಾವಲಿನವರ ಹೆಸರು ಕಲ್ಲಿಗೆ ಹೇಗೆ ಬರ್ತಿತ್ತು ಅಂತ ಮೊದಲು ನೋಡಬೇಕು.

ಹಳಗನ್ನಡ ಶಾಸನಗಳಲ್ಲಿ ಇಂಥವರಿಗೆ ಹಲವು ಹೆಸರುಗಳಿವೆ. ಒಡೆಯನ ಜೊತೆಗೇ ಸಾಯುತ್ತೇನೆ ಅಂತ ಭಾಷೆ ಕೊಟ್ಟವನು ವೇಳೆವಾಳಿ. ಉಂಡ ಜೋಳದ ಋಣಕ್ಕೆ ಪ್ರಾಣ ಒತ್ತೆ ಇಟ್ಟವನು ಜೋಳವಾಳಿ. (ಸವದತ್ತಿ, ರಾಮದುರ್ಗದ ಕಡೆಯ ಜೋಳ ಉಂಡವರಿಗೆ ಈ ಪದ ಬಿಡಿಸಿ ಹೇಳಬೇಕಾಗಿಲ್ಲ.) ನಿಷ್ಠೆಯ ಸೇವಕ ಲೆಂಕ. ವಿಷ್ಣುವಿಗೆ ಗರುಡ ಹೇಗೋ ಹಾಗೆ ಅರಸನಿಗೆ ನಿಂತವನು ಗರುಡ. ಸತ್ತ ಒಡೆಯನ ಕೆಳಗೇ ತನ್ನನ್ನೂ ಹೂಳಿಸಿಕೊಳ್ಳೋದಕ್ಕೆ ಕೀಳ್ಗುಂಟೆ ಅನ್ನುತ್ತಿದ್ದರು.

ಎರಡು ಉದಾಹರಣೆ ಸಾಕು. ಮೊದಲನೆಯದು ತಿರುಮಕೂಡಲು ನರಸೀಪುರದ ಕಡೆಯ ದೊಡ್ಡಹುಂಡಿ ಕಲ್ಲು, ಒಂಬತ್ತನೆಯ ಶತಮಾನದ್ದು. ಗಂಗರ ಅರಸ ನೀತಿಮಾರ್ಗ ಮರಣಶಯ್ಯೆಯಲ್ಲಿದ್ದಾನೆ. ಅವನನ್ನು ಹಿಡಿದುಕೊಂಡಿರುವವನು ಅಗರಯ್ಯ ಎಂಬ ಮನೆಯಾಳು. ಅವನು ಕೀಳ್ಗುಂಟೆಯಾದ ಅಂತ ಶಾಸನ ಹೇಳುತ್ತೆ. ಪಕ್ಕದಲ್ಲಿ ನಿಂತಿರುವವನು ಅರಸನ ಮಗ, ಮುಂದಿನ ಅರಸ.

ಎರಡನೆಯದು ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹತ್ತಿರದ ಗರುಡಗಂಬ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ. ಎಡಗಾಲಿಗೆ ತೊಡರು ಕಟ್ಟಿ ಭಾಷೆ ಕೊಟ್ಟಿದ್ದವನು. 1220ರ ಸುಮಾರಿಗೆ ಬಲ್ಲಾಳ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಜೊತೆಗೆ ಸಾವಿರ ಮಂದಿ ಪ್ರಾಣ ಕೊಟ್ಟರಂತೆ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಗಂಡಸರ ಶಿಲ್ಪಗಳಿವೆ. ಹಾಸನ ಕಡೆ ಹೋದವರು ಗುಡಿಯ ಗೋಡೆ ನೋಡಿ ಈ ಕಂಬವನ್ನು ದಾಟಿ ಹೋಗಿಬಿಡ್ತಾರೆ. ದಯವಿಟ್ಟು ನಿಂತು ನೋಡಿ.

ಇಷ್ಟು ಓದಿ ಮೈ ಜುಮ್ಮೆನ್ನುವುದು ಸಹಜ. ಆದರೆ ಸ್ವಲ್ಪ ತಡೆಯೋಣ. ಆ ಸಾವಿರ ಮಂದಿಯ ಹೆಸರೆಲ್ಲಿ? ದೊಡ್ಡಹುಂಡಿಯ ಕಲ್ಲು ನಿಜಕ್ಕೂ ಯಾರದ್ದು? ಅದು ನೀತಿಮಾರ್ಗನ ಕಲ್ಲು. ಅಗರಯ್ಯ ಅದರಲ್ಲಿ ಜಾಗ ಪಡೆದವನು ಅಷ್ಟೆ. ಸೇವಕನ ನಿಷ್ಠೆಯನ್ನು ಹೊಗಳಿದರೆ ಒಡೆಯನ ಮನೆಗೇ ಕೀರ್ತಿ, ಮುಂದಿನ ಸೇವಕರಿಗೆ ಪಾಠ. ಎರಡೂ ಕಡೆ ಅರಸ ಸತ್ತಿದ್ದಾನೆ, ಅರಸುಮನೆ ಸತ್ತಿಲ್ಲ. ನೀತಿಮಾರ್ಗನ ಹಿಂದೆ ಮಗ ನಿಂತಿದ್ದ. ಬಲ್ಲಾಳನ ಹಿಂದೆ ಇಮ್ಮಡಿ ನರಸಿಂಹ ಇದ್ದ.

ಕಲ್ಲು ತಾನಾಗಿ ಹುಟ್ಟೋದಿಲ್ಲ. ಕಣಿಯಿಂದ ತರಿಸಬೇಕು, ರೂವಾರಿಗೆ ಕೂಲಿ ಕೊಡಬೇಕು, ಬರೆಯುವವನು ಬೇಕು, ನಿಲ್ಲಿಸಲು ಜಾಗ ಬೇಕು. ಅಂಗರಕ್ಷಕನ ಹೆಸರು ಉಳಿಯಬೇಕಾದರೆ ಅವನು ಕಾದ ಮನೆ ಅವನ ನಂತರವೂ ಉಳಿದಿರಬೇಕು.

ಈಗ ಮತ್ತೆ ಕಿತ್ತೂರಿಗೆ ಬರೋಣ. 1824ರ ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು, 1829ರಲ್ಲಿ ಅಲ್ಲೇ ತೀರಿಕೊಂಡಳು. ಅರಮನೆ ಪಾಳುಬಿತ್ತು, ಸಂಸ್ಥಾನ ಕಂಪನಿಗೆ ಹೋಯಿತು. ಬಾಳಪ್ಪನಿಗೆ ಕಲ್ಲು ನಿಲ್ಲಿಸೋರು ಯಾರು? ಇಲ್ಲದ ಶಾಸನವೂ ಒಂದು ಸಾಕ್ಷಿ ಅಂತ ನಾನು ಹೇಳೋದು ಇದಕ್ಕೇ.

ಇಲ್ಲಿ ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ಹಳೆಯ ವೇಳೆವಾಳಿ ಒಡೆಯನ ಜೊತೆ ಸಾಯಬೇಕಿತ್ತು. ಸಂಗೊಳ್ಳಿ ರಾಯಣ್ಣ ಹಾಗೆ ಮಾಡಲಿಲ್ಲ. ಅವನು ಶೇತಸನದಿ, ಅಂದರೆ ಚಾಕರಿಗೆ ಪ್ರತಿಯಾಗಿ ಹೊಲ ಪಡೆದ ಮನೆತನದವನು. ಜೋಳವಾಳಿಯ ಸಂಬಂಧವೇ ಕಾಗದದ ಸನದು ಆಗಿ ಉಳಿದಿತ್ತು ಅನ್ನಬಹುದು. ರಾಣಿ ತೀರಿದ ಮೇಲೆ ಅವನು ಬಾಲಕ ಶಿವಲಿಂಗಪ್ಪನ ಹೆಸರಿನಲ್ಲಿ ಕಾದಾಡಿದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಒಡೆಯಳ ದೇಹದ ಜೊತೆ ಹೋಗೋ ನಿಷ್ಠೆ ಇದಲ್ಲ, ಅವಳ ಕೆಲಸವನ್ನು ಮುಂದುವರಿಸೋ ನಿಷ್ಠೆ.

ಕೊನೆಗೆ ಆ ಸೆರೆಸಿಕ್ಕ ಹುಡುಗನ ಸಂಗತಿ. ವಾಲ್ಟರ್ ಎಲಿಯಟ್‌ಗೆ ಆಗ 21 ವರ್ಷ. ಮೇಲಧಿಕಾರಿ ಸತ್ತಿದ್ದ, ತಾನು ಕಿತ್ತೂರಿನವರ ಕೈಯಲ್ಲಿದ್ದ. ಚೆನ್ನಮ್ಮ ಅವನನ್ನು ಕೊಲ್ಲಿಸಲಿಲ್ಲ, ಡಿಸೆಂಬರಿನಲ್ಲಿ ಬಿಟ್ಟು ಕಳಿಸಿದಳು. ಅದೇ ಎಲಿಯಟ್ ಮುಂದೆ ಇದೇ ಸೀಮೆಯಲ್ಲಿ ಓಡಾಡಿ ಆರುನೂರರ ಹತ್ತಿರ ಶಾಸನಗಳ ಪ್ರತಿ ಮಾಡಿಸಿದ. 1837ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವನ ಲೇಖನ ಬಂತು. ಕನ್ನಡ ಶಾಸನಗಳ ಆರಂಭದ ದೊಡ್ಡ ಸಂಗ್ರಹಗಳಲ್ಲಿ ಅವನದೂ ಒಂದು. ಕಿತ್ತೂರಿನ ಕಾವಲಿನವರು ಆ ದಿನ ಇನ್ನೊಂದು ಏಟು ಹಾಕಿದ್ದರೆ ನಮ್ಮ ಶಾಸನಶಾಸ್ತ್ರದ ಚರಿತ್ರೆ ಬೇರೆ ಥರ ಶುರುವಾಗ್ತಿತ್ತು.

ಎಲಿಯಟ್‌ನ ಪ್ರತಿಗಳನ್ನು ಆಧಾರ ಮಾಡಿಕೊಂಡವರಲ್ಲಿ ಜೆ.ಎಫ್. ಫ್ಲೀಟ್ ಮುಖ್ಯ. ಸವದತ್ತಿಯ ರಟ್ಟರ ಶಾಸನಗಳನ್ನು, 1228ರ ಇಮ್ಮಡಿ ಲಕ್ಷ್ಮಿದೇವನ ಶಾಸನವೂ ಸೇರಿದಂತೆ, ಅಚ್ಚು ಹಾಕಿಸಿದ್ದು ಈತನೇ. ಈ ಭಾಗದ ಲಾವಣಿಗಳನ್ನು ಕೇಳಿ ಬರೆಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ್ದೂ ಈತನೇ. ಅವುಗಳಲ್ಲಿ ರಾಯಣ್ಣನ ಲಾವಣಿಯೂ ಇತ್ತು. ಅಂದರೆ ಅರಸುಮನೆ ಇದ್ದಾಗ ಕಲ್ಲು ಮಾಡ್ತಿದ್ದ ಕೆಲಸವನ್ನು, ಅರಸುಮನೆ ಹೋದ ಮೇಲೆ ಜನರ ಬಾಯಿ ಮಾಡಿತು.

ಬೈಲಹೊಂಗಲ, ಸವದತ್ತಿ, ರಾಮದುರ್ಗ ಕಡೆಯ ಓದುಗರಿಗೆ ಒಂದು ವಿನಂತಿ. ನಿಮ್ಮೂರ ಹನುಮಪ್ಪನ ಗುಡಿ ಹಿಂದೆಯೋ ಕೆರೆ ಏರಿ ಮೇಲೋ ವೀರಗಲ್ಲು ಇದ್ದರೆ ಸುಣ್ಣ, ಎಣ್ಣೆಬಣ್ಣ ಬಳಿಯಬೇಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ, ಚಂದ್ರ ಇರುತ್ತವೆ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರ ಇದೆಯಾ ನೋಡಿ. ಓರೆ ಬೆಳಕಿನಲ್ಲಿ, ಅಂದರೆ ಬೆಳಿಗ್ಗೆ ಅಥವಾ ಸಂಜೆ, ಚಿತ್ರ ತೆಗೆಯಿರಿ. ಲೆಂಕ, ಜೋಳವಾಳಿ, ವೇಳೆವಾಳಿ ಇಂಥ ಪದ ಕಂಡರೆ ತಿಳಿಸಿ. ಹಾಗೇ ನಿಮ್ಮಜ್ಜಿಗೆ ಕಿತ್ತೂರಿನ ಹಾಡು ಬರ್ತಿದ್ದರೆ ಅದನ್ನೂ ಮೊಬೈಲಿನಲ್ಲಿ ದಾಖಲಿಸಿ ಇಡಿ. ಬಾಳಪ್ಪನ ಮಟ್ಟಿಗೆ ಅದೇ ಶಾಸನ.