ಶಾರದಾ, ಶಾರದ, ಶಾರದೆ: ಗಡಿ ಸೀಮೆಯಲ್ಲಿ ಒಂದು ಹೆಸರಿನ ಬರವಣಿಗೆ

ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರ ದಾಟಿದರೆ ಚಂದಾಪುರ. ಇಲ್ಲಿಂದ ಒಂದು ದಾರಿ ಆನೇಕಲ್ಲಿಗೆ ಹೊರಳುತ್ತದೆ, ಇನ್ನೊಂದು ದೊಮ್ಮಸಂದ್ರದ ಕಡೆಗೆ. ಹೆದ್ದಾರಿ ಹಿಡಿದು ನೇರ ಹೋದರೆ ಅತ್ತಿಬೆಲೆ, ಅದರಾಚೆ ತಮಿಳುನಾಡು. ಕನ್ನಡ, ತೆಲುಗು, ತಮಿಳು ಇಲ್ಲಿ ಹಳೆಯ ನೆರೆಹೊರೆಯ ಮಾತುಗಳು. ಕಾರ್ಖಾನೆ ಮತ್ತು ಐ.ಟಿ. ಕೆಲಸದ ಜೊತೆಗೆ ಹಿಂದಿ, ಬಂಗಾಳಿ, ಒಡಿಯಾ ಕೂಡ ಬಂದು ನೆಲೆಸಿವೆ. ಈ ಎಲ್ಲ ಮನೆಗಳಲ್ಲೂ ಕೇಳಿಬರಬಹುದಾದ ಹಳೆಯ ಹೆಣ್ಣುಹೆಸರು ಶಾರದಾ. ಮಗಳಿಗೆ ಈ ಹೆಸರಿಡಲು ಹೊರಟ ತಂದೆತಾಯಿ ಅದನ್ನು ಕಾಗದದ ಮೇಲೆ ಹೇಗೆ ಬರೆಯಬೇಕು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಮೊದಲು ಕನ್ನಡದೊಳಗಿನ ಮಾತು. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗ ಶಬ್ದಗಳು ಕನ್ನಡಕ್ಕೆ ಬರುವಾಗ ಎಕಾರಾಂತವಾಗುತ್ತವೆ ಎಂಬುದು 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಇಂದಿನ ಶಾಲಾ ವ್ಯಾಕರಣದವರೆಗೆ ನಡೆದು ಬಂದ ಪಾಠ: ಮಾಲಾ ಮಾಲೆಯಾಯಿತು, ಗಂಗಾ ಗಂಗೆಯಾದಳು, ಸೀತಾ ಸೀತೆಯಾದಳು. ಆ ಲೆಕ್ಕದಲ್ಲಿ ಅಚ್ಚಗನ್ನಡದ ರೂಪ ‘ಶಾರದೆ’. ಕಾವ್ಯದಲ್ಲಿ, ಪ್ರಾರ್ಥನೆಯಲ್ಲಿ ಅದೇ ನಮ್ಮ ಕಿವಿಗೆ ಒಗ್ಗಿದ್ದು. ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ‘ಶಾರದಾ’ ಎಂದೋ ‘ಶಾರದ’ ಎಂದೋ ಇರುತ್ತದೆ; ‘ಶಾರದೆ’ ಕಾಣುವುದು ಅಪರೂಪ. ಈಕಾರಾಂತ ಹೆಸರುಗಳಿಗೆ ಈ ತೊಡಕೇ ಇಲ್ಲ. ಗೌರೀ, ಪಾರ್ವತೀ ಎಂಬವು ಗೌರಿ, ಪಾರ್ವತಿ ಎಂದು ಮೊಟಕಾಗಿ ಮನೆಗೂ ಕಚೇರಿಗೂ ಒಂದೇ ರೂಪದಲ್ಲಿ ನಿಂತುಬಿಟ್ಟವು.

ಹಾಗಾದರೆ ‘ಶಾರದ’ ತಪ್ಪೇ? ಅವಸರಕ್ಕೆ ಇಳಿ ಬಿಟ್ಟುಹೋದದ್ದು ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ ಶಾಂತಲದೇವಿ, ಬಮ್ಮಲದೇವಿ, ಏಚಲದೇವಿ ಎಂದು ಹ್ರಸ್ವ ಅಕಾರದ ಹೆಣ್ಣುಹೆಸರುಗಳು ಸಾಲಾಗಿವೆ. ಆಧುನಿಕ ಕಾಲಕ್ಕೆ ಬಂದರೆ ಸಿ.ಕೆ. ನಾಗರಾಜರಾವ್ ತಮ್ಮ ಕಾದಂಬರಿಯನ್ನು ‘ಪಟ್ಟಮಹಾದೇವಿ ಶಾಂತಲದೇವಿ’ ಎಂದು ಕರೆದರು. ಅದೇ ರಾಣಿಯನ್ನು ಕುರಿತ ಕೆ.ವಿ. ಅಯ್ಯರ್ ಅವರ ಕಾದಂಬರಿಯ ಹೆಸರು ‘ಶಾಂತಲಾ’. ‘ದೇವಿ’ ಜೊತೆಗಿದ್ದಾಗ ಹ್ರಸ್ವ, ಹೆಸರು ಒಂಟಿಯಾದಾಗ ದೀರ್ಘ. ಶಾರದಾ ಇದಕ್ಕಿಂತ ಭಿನ್ನ. ಶೃಂಗೇರಿಯದು ಶಾರದಾಪೀಠ, ರಾಮಕೃಷ್ಣ ಪರಮಹಂಸರ ಸಹಧರ್ಮಿಣಿ ಕನ್ನಡದಲ್ಲಿ ಶಾರದಾದೇವಿ. ಸಮಾಸದಲ್ಲೂ ಇಲ್ಲಿ ದೀರ್ಘ ಉಳಿಯುತ್ತದೆ. ದೀರ್ಘ ಕಳೆಯುವುದು ‘ಅಮ್ಮ’ ಬಂದು ಸೇರಿದಾಗ: ಶಾರದಮ್ಮ. ಹಳೇ ಮೈಸೂರು ಸೀಮೆಯ ಬಾಯಲ್ಲಿ ಅದು ‘ಶಾರ್ದಮ್ಮ’ ಕೂಡ ಆಗುತ್ತದೆ.

ವಿಭಕ್ತಿಯ ಕಡೆಯಿಂದ ನೋಡಿದರೂ ನನ್ನ ಒಲವು ದೀರ್ಘಕ್ಕೇ. ಕನ್ನಡದಲ್ಲಿ ಅಕಾರಾಂತ ವ್ಯಕ್ತಿನಾಮ ಸಹಜವಾಗಿ ಗಂಡು: ರಾಮ, ರಾಮನ, ಅರಸ, ಅರಸನ. ಅಕ್ಕ, ಅಮ್ಮ ಹೆಣ್ಣಾದರೂ ‘ಅಕ್ಕನ’, ‘ಅಮ್ಮನ’ ಎಂದು ಅದೇ ದಾರಿ ಹಿಡಿಯುತ್ತವೆ. ‘ಶಾರದ’ ಎಂದು ಬರೆದವರೂ ‘ಶಾರದನ ಪುಸ್ತಕ’ ಎನ್ನಲಾರರು. ‘ಶಾರದಾಳ’ ಅಥವಾ ‘ಶಾರದೆಯ’ ಎಂದೇ ಅನ್ನುತ್ತಾರೆ. ನಾಲಗೆಗೆ ಬೇಕಾದ ದೀರ್ಘವನ್ನು ಬರಹದಲ್ಲೂ ಇಟ್ಟರೆ ಒಳ್ಳೆಯದು.

ರೋಮನ್ ಅಕ್ಷರದ ತೊಡಕು ಇದಕ್ಕಿಂತ ದೊಡ್ಡದು. ಈ ಒಂದು ಹೆಸರಿನ ಪಾಠಾಂತರಗಳನ್ನು ಸಾಲಾಗಿಟ್ಟರೆ ಚಂದಾಪುರದ ಭಾಷೆಗಳೇ ಎದುರು ನಿಲ್ಲುತ್ತವೆ. ತಮಿಳು ಲಿಪಿಯಲ್ಲಿ ತ–ದಗಳಿಗೆ ಒಂದೇ ಅಕ್ಷರ, ಶಕಾರಕ್ಕೆ ರೂಢಿಯಲ್ಲಿ ಬೇರೆ ಅಕ್ಷರವಿಲ್ಲ; ಹೀಗಾಗಿ ತಮಿಳು ಮನೆಯ ಹೆಸರು ಬರಿಯ ‘ಎಸ್’ನಿಂದ ಶುರುವಾಗಿ ‘ಡಿ’ಯ ಪಕ್ಕ ‘ಎಚ್’ ಪಡೆಯುತ್ತದೆ. ಹಿಂದಿಯಲ್ಲಿ ನಡುವಿನ ರಕಾರದ ಅಕಾರ ಉಚ್ಚಾರದಲ್ಲಿ ಲೋಪವಾಗುವುದರಿಂದ ಅಲ್ಲಿ ಒಂದು ‘ಎ’ ಕಡಿಮೆ. ಬಂಗಾಳಿಯವರು ಜಯರಾಮವಾಟಿಯ ಶ್ರೀಮಾತೆ ಶಾರದಾದೇವಿಯ (1853–1920) ಹೆಸರನ್ನು ದಂತ್ಯ ಸಕಾರದಿಂದಲೇ ಬರೆಯುತ್ತಾರೆ, ಆದ್ದರಿಂದ ರಾಮಕೃಷ್ಣ ಸಂಘದ ಇಂಗ್ಲಿಷ್ ಪುಸ್ತಕಗಳಲ್ಲೂ ‘ಎಚ್’ ಇಲ್ಲ. ತೆಲುಗಿನಲ್ಲಿ ಕೊನೆ ಹ್ರಸ್ವ. ರೋಮನ್ನಿಗೆ ಬಂದ ಮೇಲೆ ಆ ಭೇದ ಕಾಣುವುದಿಲ್ಲ. ಇವುಗಳಲ್ಲಿ ಯಾವುದನ್ನೂ ಅಶುದ್ಧ ಎನ್ನಲು ನಾನು ಸಿದ್ಧನಿಲ್ಲ. ಪ್ರತಿಯೊಂದೂ ಅದರದರ ಭಾಷೆಯ ಉಚ್ಚಾರಕ್ಕೋ ಲಿಪಿಗೋ ನಿಷ್ಠವಾಗಿದೆ.

ಕನ್ನಡದ ಮನೆಯವರು ತಮ್ಮದಲ್ಲದ ಕಾಗುಣಿತವನ್ನು ‘ಚೆನ್ನಾಗಿ ಕಾಣುತ್ತದೆ’ ಎಂದು ತೆಗೆದುಕೊಂಡಾಗಲೇ ತೊಂದರೆ. ‘ಡಿ’ಯ ನಂತರ ‘ಎಚ್’ ಸೇರಿಸಿದ ರೂಪವನ್ನು 1998ರಿಂದ ಬಳಕೆಯಲ್ಲಿರುವ ‘ಬರಹ’ ತಂತ್ರಾಂಶದಲ್ಲಿ ಸಣ್ಣಕ್ಷರಗಳಲ್ಲೇ ಬೆರಳಚ್ಚಿಸಿದರೆ ಪರದೆಯ ಮೇಲೆ ಮೂಡುವುದು ‘ಶರಧ’; ದಕಾರ ಧಕಾರವಾಗಿ, ದೀರ್ಘಗಳೆರಡೂ ಹೋಗಿರುತ್ತವೆ. ರೋಮನ್ನಿನಿಂದ ಕನ್ನಡಕ್ಕೆ ಯಂತ್ರ ತಿರುಗಿಸಿಕೊಟ್ಟ ಗುರುತಿನ ಚೀಟಿಗಳಲ್ಲಿ ಆಗುವುದೂ ಇಂಥದ್ದೇ. ದಾರಿ ತಿರುಗುಮುರುಗಾಗಬೇಕು: ಕನ್ನಡ ರೂಪ ಮೊದಲು ನಿಲ್ಲಲಿ, ರೋಮನ್ ಅದನ್ನು ಹಿಂಬಾಲಿಸಲಿ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ ಸೇರಿ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಿಸಿದಾಗ ಸರ್ಕಾರ ಹಿಡಿದದ್ದೂ ಇದೇ ದಾರಿ. ಅದರಂತೆ ಕನ್ನಡದಲ್ಲಿ ‘ಶಾರದಾ’, ರೋಮನ್ನಿನಲ್ಲಿ ಎಸ್-ಎಚ್-ಎ-ಆರ್-ಎ-ಡಿ-ಎ ಎಂಬುದು ನನ್ನ ಆಯ್ಕೆ. ‘ಶಾರದೆ’ಯ ಮೇಲೆ ನನಗೆ ಮಮತೆ ಹೆಚ್ಚು, ಆದರೆ ರೋಮನ್ನಿನಲ್ಲಿ ಅದರ ಕೊನೆಯ ‘ಇ’ಯನ್ನು ಇಂಗ್ಲಿಷ್ ಓದುಗರು ನುಂಗಿಬಿಡುತ್ತಾರೆ. ಮನೆಯಲ್ಲಿ ಕರೆಯಲು ಅದು ಇದ್ದೇ ಇದೆ.

ಅವಸರಪಡಬೇಕಾಗಿಲ್ಲ. ಜನನವನ್ನು 21 ದಿನಗಳೊಳಗೆ ತಿಳಿಸಬೇಕು, ನಿಜ. ಆದರೆ ನಾಮಕರಣ ಆಗಿರದಿದ್ದರೆ ಹೆಸರಿನ ಅಂಕಣ ಖಾಲಿ ಬಿಡಬಹುದು. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೆಯ ಕಲಮು ಹೆಸರನ್ನು ಆಮೇಲೆ ಸೇರಿಸಲು ಅವಕಾಶ ಕೊಟ್ಟಿದೆ: ವರ್ಷದೊಳಗಾದರೆ ಶುಲ್ಕವಿಲ್ಲ, ಅಲ್ಲಿಂದ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಆಸ್ಪತ್ರೆಯ ಮೇಜಿನ ಬಳಿ ಯಾರೋ ಕೇಳಿಸಿಕೊಂಡಂತೆ ಬರೆದುಕೊಳ್ಳುವುದಕ್ಕಿಂತ, ಎರಡೂ ಲಿಪಿಗಳಲ್ಲಿ ಚೀಟಿಯಲ್ಲಿ ಬರೆದು ಕೊಡುವುದು ಲೇಸು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಮತದಾರರ ಪಟ್ಟಿ, ಚಾಲನಾ ಪರವಾನಗಿಯವರೆಗೆ ಹುಟ್ಟಿದ ದಿನ ಮತ್ತು ಊರಿಗೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿನ ಅಕ್ಷರಗಳೇ ಮುಂದಿನ ಕಾಗದಗಳಿಗೂ ಇಳಿಯುತ್ತವೆ.

ಈಗಾಗಲೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಪೋರ್ಟ್ ಎಲ್ಲವೂ ‘ಡಿ’ಯ ನಂತರ ‘ಎಚ್’ ಸೇರಿಸಿದ ರೂಪದಲ್ಲೇ ಒಂದಕ್ಕೊಂದು ಹೊಂದಿಕೊಂಡಿರುವ ಹುಡುಗಿಯ ರೋಮನ್ ಕಾಗುಣಿತವನ್ನು ಮುಟ್ಟಬಾರದು. ಆಧಾರ್‌ನಲ್ಲಿ ಹೆಸರು ತಿದ್ದಲು ಇರುವುದೇ ಎರಡು ಅವಕಾಶ. ಅವನ್ನು ವ್ಯಾಕರಣಕ್ಕಾಗಿ ಖರ್ಚು ಮಾಡುವುದು ಬೇಡ. ಕನ್ನಡದಲ್ಲಿ ಸಹಿ ಹಾಕುವಾಗ, ಮದುವೆಯ ಲಗ್ನಪತ್ರಿಕೆ ಅಚ್ಚಿಗೆ ಕೊಡುವಾಗ ‘ಶಾರದಾ’ ಎಂದು ಬರೆದುಕೊಳ್ಳಲು ಅವಳಿಗೆ ಯಾವ ಕಚೇರಿಯ ಅನುಮತಿಯೂ ಬೇಕಿಲ್ಲ.