ಮೋಟಾರ್‌ಸೈಕಲ್ ಗೇರ್ ಲಿಂಕೇಜ್ ನಿರ್ವಹಣೆ

ಗೇರ್ ಲಿಂಕೇಜ್ ಎಂಬುದು ಮೋಟಾರ್‌ಸೈಕಲ್ ಸವಾರನ ಕಾಲಿನ ಒತ್ತಡವನ್ನು ಗೇರ್ ಲಿವರ್‌ನಿಂದ ಗೇರ್‌ಬಾಕ್ಸ್‌ನ ಶಾಫ್ಟಿಗೆ ತಲುಪಿಸುವ ಜೋಡಣೆ. ಇದು ಎಂಜಿನ್ನಿನ ಹೊರಗೆ, ನೆಲಕ್ಕೆ ಸಮೀಪದಲ್ಲಿರುವುದರಿಂದ ಕೆಸರು, ನೀರು ಮತ್ತು ಧೂಳು ನೇರವಾಗಿ ತಾಗುತ್ತವೆ. ಗೇರ್ ಬಿಗಿಯಾಗುವುದು, ನ್ಯೂಟ್ರಲ್ ಸಿಗದಿರುವುದು ಮೊದಲಾದ ತೊಂದರೆಗಳು ಕಂಡಾಗ ಗೇರ್‌ಬಾಕ್ಸ್ ಬಿಚ್ಚುವ ಮೊದಲು ಪರೀಕ್ಷಿಸಬೇಕಾದ ಭಾಗ ಇದಾಗಿದೆ. ಇದನ್ನು ಮನೆಯಲ್ಲಿಯೇ ಶುಚಿಗೊಳಿಸಿ ಗ್ರೀಸ್ ಹಚ್ಚಬಹುದು.

ರಚನೆ

ಲಿವರ್ ಒಂದು ಕೀಲಿನ ಸುತ್ತ ತಿರುಗುತ್ತದೆ. ಅದರ ಚಲನೆಯನ್ನು ಲಿಂಕ್ ರಾಡ್ ಶಾಫ್ಟಿನ ಮೇಲಿನ ಚಿಕ್ಕ ತೋಳಿಗೆ ಒಯ್ಯುತ್ತದೆ. ರಾಡಿನ ಎರಡೂ ತುದಿಗಳಲ್ಲಿ ಬಾಲ್ ಜಾಯಿಂಟ್‌ಗಳಿರುತ್ತವೆ. ಸಾಮಾನ್ಯವಾಗಿ ಒಂದು ತುದಿಯ ಮರೆ ಬಲಸುತ್ತಿನದು, ಇನ್ನೊಂದರದು ಎಡಸುತ್ತಿನದು; ಆದ್ದರಿಂದ ರಾಡನ್ನು ತಿರುಗಿಸಿ ಲಿವರ್‌ನ ಎತ್ತರವನ್ನು ಹೊಂದಿಸಬಹುದು. ಹಲವು ಸಣ್ಣ ಬೈಕುಗಳಲ್ಲಿ ರಾಡ್ ಇರುವುದಿಲ್ಲ, ಲಿವರ್ ನೇರವಾಗಿ ಶಾಫ್ಟಿನ ಹಲ್ಲುಗಳ ಮೇಲೆ ಕೂರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ ಮತ್ತು ಯೆಜ್ದಿ ಬೈಕುಗಳಲ್ಲಿ ಗೇರ್ ಬದಲಿಸುವ ಲಿವರೇ ಕಿಕ್ಕರ್ ಸಹ ಆಗಿತ್ತು.

ಕರಾವಳಿಯ ಪರಿಸರ

ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಶಿರೂರು, ಉತ್ತರ ಕನ್ನಡ ಜಿಲ್ಲೆಯ ಗಡಿಗೆ ಹೊಂದಿಕೊಂಡಿರುವ ಕಡಲತೀರದ ಊರು. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಹಾದುಹೋಗುತ್ತದೆ. ಇಂತಹ ಊರುಗಳಲ್ಲಿ ಕಡಲ ಗಾಳಿಯ ಉಪ್ಪು ಉಕ್ಕಿಗೆ ಬೇಗ ತುಕ್ಕು ಹಿಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಮುರಕಲ್ಲಿನ ಕೆಂಪು ಮಣ್ಣು ಕೀಲುಗಳಲ್ಲಿ ಸೇರಿ, ಗ್ರೀಸಿನೊಂದಿಗೆ ಬೆರೆತು, ಅರೆಯುವ ಹಿಟ್ಟಿನಂತೆ ಲೋಹವನ್ನು ಸವೆಸುತ್ತದೆ. ಹೆದ್ದಾರಿಯಲ್ಲಿ ವಾಹನವೊಂದನ್ನು ಹಿಂದಿಕ್ಕುವಾಗ ಗೇರ್ ಕೂರದೆ ಹೋದರೆ ಬೈಕಿನ ಎಳೆತ ಒಮ್ಮೆಲೇ ತಪ್ಪುತ್ತದೆ. ಹಿಂದಿನಿಂದ ಬರುವ ವಾಹನಗಳಿಂದ ಅಪಾಯ ಒದಗಬಹುದು. ಆದ್ದರಿಂದ ಮಳೆಗಾಲದ ಮೊದಲು ಮತ್ತು ನಂತರ ಈ ಕೆಲಸ ಮಾಡುವುದು ಉಪಯುಕ್ತ.

ದೋಷ ಪತ್ತೆ

ಎಂಜಿನ್ ನಿಲ್ಲಿಸಿ ರಾಡನ್ನು ಶಾಫ್ಟಿನ ಕಡೆಯಿಂದ ಬಿಡಿಸಿ ಲಿವರನ್ನು ಕೈಯಿಂದ ಆಡಿಸಬೇಕು. ಆಗಲೂ ಅದು ಬಿಗಿಯಾಗಿದ್ದರೆ ದೋಷ ಲಿವರ್‌ನ ಕೀಲಿನಲ್ಲಿ ಅಥವಾ ಬಾಲ್ ಜಾಯಿಂಟಿನಲ್ಲಿದೆ. ಸಲೀಸಾಗಿ ಆಡಿದರೆ ಕ್ಲಚ್ ಕೇಬಲ್ಲಿನ ಹೊಂದಾಣಿಕೆ, ಎಂಜಿನ್ ಆಯಿಲ್ ಮತ್ತು ಗೇರ್‌ಬಾಕ್ಸನ್ನು ಕ್ರಮವಾಗಿ ಪರೀಕ್ಷಿಸಬೇಕು.

ವಿಧಾನ

1. ಬೈಕನ್ನು ಸಮತಟ್ಟಾದ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಎಂಜಿನ್ ತಣಿಯಲು ಬಿಡಬೇಕು.
2. ಶಾಫ್ಟಿನ ತುದಿ ಹಾಗೂ ಅದರ ಮೇಲಿನ ತೋಳಿಗೆ ಅಡ್ಡಲಾಗಿ ಒಂದು ಗುರುತು ಹಾಕಬೇಕು. ಮರಳಿ ಕೂರಿಸುವಾಗ ಒಂದು ಹಲ್ಲು ತಪ್ಪಿದರೂ ಲಿವರ್‌ನ ಎತ್ತರ ಬದಲಾಗುತ್ತದೆ. ರಾಡಿನ ಉದ್ದವನ್ನೂ ಅಳೆದಿಡಬೇಕು.
3. ತೋಳನ್ನು ಬಿಗಿಯುವ ಬೋಲ್ಟನ್ನು ಪೂರ್ತಿಯಾಗಿ ಹೊರತೆಗೆಯಬೇಕು. ಅನೇಕ ಬೈಕುಗಳಲ್ಲಿ ಅದು ಶಾಫ್ಟಿನ ತೋಡಿನೊಳಗೆ ಹಾದುಹೋಗುವುದರಿಂದ, ಸಡಿಲಿಸಿದ ಮಾತ್ರಕ್ಕೆ ತೋಳು ಬರುವುದಿಲ್ಲ. ಸುತ್ತಿಗೆಯಿಂದ ಹೊಡೆಯಬಾರದು.
4. ಬಿಡಿಭಾಗಗಳನ್ನು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ಪೆಟ್ರೋಲಿನ ಆವಿಗೆ ಬೇಗ ಬೆಂಕಿ ಹತ್ತುವುದರಿಂದ ಅದನ್ನು ಬಳಸಬಾರದು. ರಬ್ಬರ್ ಹೊದಿಕೆ ಮತ್ತು ಓ-ರಿಂಗ್‌ಗಳನ್ನು ಸೋಪಿನ ನೀರಿನಲ್ಲಿ ತೊಳೆದರೆ ಸಾಕು.
5. ಪೂರ್ತಿ ಒಣಗಿಸಿದ ಮೇಲೆ ಕೀಲು, ಬುಶ್ ಮತ್ತು ಬಾಲ್ ಜಾಯಿಂಟ್‌ಗಳಿಗೆ ನೀರಿಗೆ ಕರಗದ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಹೆಚ್ಚಾದ ಗ್ರೀಸನ್ನು ಒರೆಸದಿದ್ದರೆ ಅದು ಮಣ್ಣನ್ನು ಹಿಡಿಯುತ್ತದೆ.
6. ಗುರುತಿಗೆ ಸರಿಯಾಗಿ ಮರುಜೋಡಿಸಿ, ನಟ್ಟು-ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಯಬೇಕು. ರಸ್ತೆಗೆ ಇಳಿಯುವ ಮೊದಲು ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ಎಲ್ಲ ಗೇರ್‌ಗಳನ್ನೂ ಹಾಕಿ ನೋಡಬೇಕು.

ಎಚ್ಚರಿಕೆ ಮತ್ತು ಮಿತಿ

ತುಕ್ಕು ಬಿಡಿಸುವ ಸ್ಪ್ರೇ ಬಹುಕಾಲ ಉಳಿಯುವುದಿಲ್ಲ. ಅದು ಗ್ರೀಸಿಗೆ ಬದಲಿಯಲ್ಲ. ಸರ್ವಿಸ್ ಸ್ಟೇಷನ್ನಿನ ರಭಸದ ನೀರನ್ನು ಶಾಫ್ಟಿನ ಆಯಿಲ್ ಸೀಲಿಗೆ ನೇರವಾಗಿ ಹಾಯಿಸಬಾರದು. ಗ್ರೀಸ್ ಬ್ರೇಕಿಗೆ ಅಥವಾ ಟೈರಿಗೆ ತಾಗದಂತೆ ನೋಡಿಕೊಳ್ಳಬೇಕು. ಬಳಸಿದ ಸೀಮೆಎಣ್ಣೆಯನ್ನು ಅಂಗಳದಲ್ಲಿ ಚೆಲ್ಲಿದರೆ ಅದು ಮನೆಯ ಬಾವಿಯ ನೀರನ್ನು ಸೇರಬಹುದು. ಮುಚ್ಚಿದ ಡಬ್ಬದಲ್ಲಿ ಸಂಗ್ರಹಿಸಿ, ಹಳೆಯ ಆಯಿಲ್ ಪಡೆಯುವ ಗ್ಯಾರೇಜಿಗೆ ಒಪ್ಪಿಸುವುದು ಉತ್ತಮ. ಸವೆದ ಬುಶ್, ಸಡಿಲವಾದ ಬಾಲ್ ಜಾಯಿಂಟ್ ಮತ್ತು ಹಲ್ಲು ಜಾರಿದ ತೋಳು ಗ್ರೀಸಿನಿಂದ ಸರಿಹೋಗುವುದಿಲ್ಲ. ಗ್ರೀಸ್ ಅವುಗಳ ಸದ್ದನ್ನು ಕೆಲಕಾಲ ಅಡಗಿಸುತ್ತದೆಯಷ್ಟೆ. ಅಂತಹ ಭಾಗಗಳನ್ನು ಬದಲಾಯಿಸಬೇಕು.